ಅಳಿಸಬೇಕಿದ್ದ ವಾಕ್ಯ

ನವಿರಣ್ಣ ಯಾವ ಪುಸ್ತಕವನ್ನಾದರೂ ಒಂದಕ್ಷರ ಓದದೆ, ಒಂದಕ್ಷರ ತಪ್ಪದೆ ಟೈಪ್ ಮಾಡಬಲ್ಲ ಎಂಬುದು ಆ ಮುದ್ರಣಾಲಯಕ್ಕೆ ಹೆಮ್ಮೆಯ ವಿಷಯವಾಗಿತ್ತು. ಕಣ್ಣು ಹಸ್ತಪ್ರತಿಯ ಮೇಲೆ, ಬೆರಳು ಕೀಲಿಮಣೆಯ ಮೇಲೆ, ತಲೆ ಮಾತ್ರ ಮನೆಯ ಬಚ್ಚಲಲ್ಲಿ ಸೋರುವ ನಲ್ಲಿಯ ಮೇಲೆ. ಕಥಾನಾಯಕಿ ಬಾವಿಗೆ ಹಾರುವ ಸಾಲನ್ನು ಬಡಿಯುತ್ತಲೇ ಅವನು ಪಕ್ಕದವರನ್ನು, ಗಟ್ಟಿಮುಟ್ಟಾದ ವಾಷರು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿಚಾರಿಸಬಲ್ಲ. ಅವಳು ಬಾವಿಯಿಂದ ಮೇಲೆ ಬಂದಳೋ ಇಲ್ಲವೋ ಅವನಿಗೆ ಗೊತ್ತಿರುವುದಿಲ್ಲ. ‘ಬಾವಿ’ಯ ದೀರ್ಘ ಮಾತ್ರ ಸರಿಯಾಗಿ ಬಿದ್ದಿರುತ್ತದೆ.

“ಓದ್ತಾ ಕೂತ್ರೆ ಕೈ ನಿಧಾನ ಆಗತ್ತೆ ಸ್ವಾಮಿ,” ಎನ್ನುವುದು ಅವನ ವಾದ. “ಬಡಿಸೋನೇ ತಿಂತಾ ಕೂತ್ರೆ ಪಂಕ್ತೀಲಿ ಕೂತೋರ ಗತಿ ಏನು?”

ಯಜಮಾನರಿಗೆ ಈ ಮಾತು ಕೇಳಿದಾಗಲೆಲ್ಲ ಕಣ್ಣು ತುಂಬಿ ಬರುತ್ತಿತ್ತು. ಓದದ ನೌಕರನಷ್ಟು ನಿಷ್ಠಾವಂತ ನೌಕರ ಪುಸ್ತಕದ ವ್ಯಾಪಾರದಲ್ಲಿ ಇನ್ನೊಬ್ಬನಿಲ್ಲ.

ನವಿರಣ್ಣ ಎಂಬ ಅಡ್ಡಹೆಸರು ಬಿದ್ದದ್ದು ಬೆನ್ನುಡಿಯಿಂದ. ಪುಸ್ತಕದ ಹಿಂಬದಿಗೆ ನಾಲ್ಕು ಸಾಲಿನ ಹೊಗಳಿಕೆ ಬೇಕಲ್ಲ, ಅದನ್ನು ಬರೆಯುವ ದೊಡ್ಡ ಮನುಷ್ಯರು ಯಾವಾಗಲೂ ಕೊನೆಯ ಗಳಿಗೆಯಲ್ಲಿ ಕೈಕೊಡುತ್ತಿದ್ದರು. ಒಮ್ಮೆ ಹಾಗಾದಾಗ ನವಿರಣ್ಣ ತಾನೇ ಒಂದನ್ನು ಹೊಸೆದು ಹಾಕಿದ. “ಹೆಣ್ಣಿನ ಒಳತೋಟಿಯನ್ನು ನವಿರಾದ ಭಾಷೆಯಲ್ಲಿ ಕುಸುರಿಯಂತೆ ಹೆಣೆದಿರುವ ಈ ಲೇಖಕಿ ಭರವಸೆ ಮೂಡಿಸುತ್ತಾರೆ.” ಯಾರೂ ತಕರಾರು ತೆಗೆಯಲಿಲ್ಲ. ಅಂದಿನಿಂದ ಹೆಂಗಸರು ಬರೆದ ಪುಸ್ತಕ ಯಾವುದೇ ಬರಲಿ, ಅದೇ ಅಂಗಿ. ಗಂಡಸರಿಗೆ ಬೇರೆ ಅಂಗಿ ಇತ್ತು: “ತನ್ನ ಕಾಲದ ದಿಟ್ಟ ದನಿ.” ಊರಲ್ಲಿರುವ ಗಂಡಸರೆಲ್ಲ ದಿಟ್ಟರು, ಹೆಂಗಸರೆಲ್ಲ ನವಿರು. ಕಲ್ಲು ಕ್ವಾರಿಯ ಹೆಣ್ಣಾಳುಗಳು ಗುತ್ತಿಗೆದಾರನ ಜೀಪಿಗೆ ಬೆಂಕಿ ಇಡುವ ಕಾದಂಬರಿಯೊಂದು ಬಂತು. ನವಿರು. ಗಂಡ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಕದ್ದು ಹಿತ್ತಲಲ್ಲಿ ಹೂಳುವ ಹೆಂಡತಿಯ ಕವಿತೆ ಬಂತು. ಕುಸುರಿ. ಮೊಮ್ಮಕ್ಕಳ ಮದುವೆ ಮಾಡಿ ಮುಗಿಸಿದ ಹಿರಿಯ ಕವಯಿತ್ರಿಯ ಸಮಗ್ರ ಕಾವ್ಯ ಬಂತು. ಆಕೆಯೂ ಪಾಪ, ಭರವಸೆ ಮೂಡಿಸಿದರು.

ಇದನ್ನು ಬರೆದವನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಸಭೆಗಳಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡು, ಮಗುಚಿ, ಹಿಂಬದಿಯನ್ನು ನೋಡಿ, ಮುಕ್ಕಾಲು ಗಂಟೆ ಮಾತಾಡಿ, ಹಾರ ಹಾಕಿಸಿಕೊಂಡು ಹೋಗುತ್ತಿದ್ದವರ ಮೇಲೆ ಎಷ್ಟು ಸಿಟ್ಟು ಬರಬೇಕು? ನವಿರಣ್ಣ ಸಂಬಳಕ್ಕೆ ಓದದೆ ಇದ್ದವನು. ಅವರು ಗೌರವಕ್ಕೆ ಓದದೆ ಇದ್ದವರು.

ಮುದ್ರಣಾಲಯದಲ್ಲಿ ಓದುತ್ತಿದ್ದವರು ಬೈಂಡಿಂಗಮ್ಮ ಒಬ್ಬರೇ. ಅಚ್ಚಾದ ದೊಡ್ಡ ಹಾಳೆಗಳನ್ನು, ಅಂದರೆ ಫಾರಂಗಳನ್ನು, ಮಡಚಿ ಹೊಲಿದು ಅಂಟು ಹಚ್ಚುವುದು ಅವರ ಕೆಲಸ. ಮಡಚುತ್ತ ಕಣ್ಣಿಗೆ ಬಿದ್ದಷ್ಟನ್ನು ಓದುವರು. ಒಂದು ಫಾರಂ ಅವರ ಪಾಲಿಗೆ ಬಂದರೆ ಮುಂದಿನದು ಇನ್ನೊಬ್ಬರ ಪಾಲಿಗೆ. ಹಾಗಾಗಿ ಅವರಿಗೆ ಎಲ್ಲ ಕಾದಂಬರಿಗಳ ನಡುಭಾಗ ಗೊತ್ತು, ಯಾವುದರ ಕೊನೆಯೂ ಗೊತ್ತಿಲ್ಲ. ಕೊನೆಯನ್ನು ಅವರೇ ಸೇರಿಸಿಕೊಳ್ಳುವರು, ಅದರಲ್ಲಿ ಅತ್ತೆಯರೆಲ್ಲ ಸಾಯುತ್ತಿದ್ದರು.

ಇಂಥ ನವಿರಣ್ಣನ ಮೇಜಿನ ಮುಂದೆ ಒಂದು ದಿನ ಅವನ ಅಕ್ಕ ಬಂದು ನಿಂತಳು. ಅಕ್ಕ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಖಾಕಿ ಸಮವಸ್ತ್ರ, ತೋಳಿಗೆ ಪಟ್ಟಿ. ಬೆಳಗಿನಿಂದ ಸಂಜೆಯವರೆಗೆ ಸುಳ್ಳು ಹೇಳುವವರ ಮುಖ ನೋಡಿ ನೋಡಿ ಅವಳ ನೋಟವೇ ಹಾಗಾಗಿತ್ತು. ಮನೆಯವರೂ ಅವಳ ಮುಂದೆ ಕಾರಣವಿಲ್ಲದೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಮ್ಮ ಹೋದ ಮೇಲೆ ತಮ್ಮನಿಗೆ ತಲೆ ಬಾಚಿ ಶಾಲೆಗೆ ಅಟ್ಟಿದವಳು ಅವಳೇ. ಟೈಪಿಂಗ್ ಕ್ಲಾಸಿಗೆ ಕಿವಿ ಹಿಡಿದು ಸೇರಿಸಿದವಳೂ ಅವಳೇ.

ಒಂದು ಕಟ್ಟು ಹಾಳೆ ಮೇಜಿನ ಮೇಲಿಟ್ಟಳು. ಕಥೆಗಳು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ, ಎರಡು ಪಾಳಿಯ ನಡುವೆ ಬರೆದವು.

“ನೀನ್ ಬರೀತೀಯಾ?” ನವಿರಣ್ಣನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

“ಯಾಕೆ, ನಂಗೆ ಕೈ ಇಲ್ವಾ?”

“ಹಂಗಲ್ಲ... ಯಾವತ್ತೂ ಹೇಳೇ ಇಲ್ಲ.”

“ಮೂರ್ ಸಲ ಹೇಳಿದೀನಿ. ಒಂದ್ಸಲ ನಿನ್ನ ಬಚ್ಚಲಲ್ಲೇ ನಿಂತು ಹೇಳಿದೀನಿ. ನೀನು ನಲ್ಲಿ ಬಿಚ್ಚೋ ಪಾನಾ ಹಿಡ್ಕೊಂಡು ಹೂಂ ಹೂಂ ಅಂತಿದ್ದೆ.” ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. “ನೋಡೋ, ಯಜಮಾನ್ರ ಹತ್ರ ಮಾತಾಡಿದೀನಿ, ಅಚ್ಚು ಹಾಕ್ತಾರಂತೆ. ನಿನ್ನತ್ರ ಕೇಳೋದು ಒಂದೇ. ಟೈಪ್ ಮಾಡೋ ಮುಂಚೆ ಓದು. ಓದಿ, ಬೆನ್ನುಡಿ ನೀನೇ ಬರಿ. ಆ ನಿನ್ನ ಡಬ್ಬದಲ್ಲಿರೋ ನವಿರನ್ನ ನಂಗೆ ಬಳೀಬೇಡ.”

“ಛೇ, ಛೇ. ಅಕ್ಕನ ಪುಸ್ತಕಕ್ಕೆ ಹಂಗ್ ಮಾಡ್ತೀನಾ?”

“ಮಾಡ್ತೀಯ. ಅದಕ್ಕೇ ಹೇಳ್ತಿರೋದು. ಊರೋರು ಓದದೆ ಇದ್ರೆ ಹಾಳಾಗ್ ಹೋಗ್ಲಿ. ಒಡಹುಟ್ಟಿದೋನೂ ಓದಲ್ಲ ಅಂದ್ರೆ ನಾನ್ಯಾಕೆ ಬರೀಲಿ? ಇದೇ ಮೊದಲ್ನೇದು, ಇದೇ ಕೊನೇದು ಅಂತ ಅಂದ್ಕೊಂಡು ಸುಮ್ನಾಗ್ತೀನಿ. ನೀನು ಓದಿದ್ರೂ ಗೊತ್ತಾಗತ್ತೆ, ಓದದೇ ಇದ್ರೂ ಗೊತ್ತಾಗತ್ತೆ ನಂಗೆ.”

“ಹೆಂಗ್ ಗೊತ್ತಾಗತ್ತೆ?”

“ಅದು ನನ್ ಕಸುಬು,” ಎಂದು ಅಕ್ಕ ಎದ್ದು ಹೋದಳು.

ನವಿರಣ್ಣ ಓದಬೇಕೆಂದೇ ಕೂತ. ಪ್ರಾಮಾಣಿಕವಾಗಿ ಕೂತ. ಮೊದಲ ಹಾಳೆಯನ್ನು ಮುಂದಿಟ್ಟುಕೊಂಡು ಕಣ್ಣು ನೆಟ್ಟ. ಆದರೆ ಕಣ್ಣು ಹಾಳೆಗೆ ತಾಗುವುದೇ ತಡ, ಬೆರಳುಗಳು ತಂತಾವೇ ಕೀಲಿಮಣೆಗೆ ಓಡಿದವು. ಎಷ್ಟೋ ವರ್ಷಗಳ ಅಭ್ಯಾಸ, ಬಿಡು ಎಂದರೆ ಬಿಡುತ್ತದೆಯೇ? ಎರಡು ಪುಟ ಮುಗಿದ ಮೇಲೆ ಎಚ್ಚರವಾಯಿತು. ಮತ್ತೆ ಮೊದಲಿಂದ ಓದೋಣವೆಂದುಕೊಂಡ. ಅಷ್ಟರಲ್ಲಿ ಯಾರೋ ವಿಸಿಟಿಂಗ್ ಕಾರ್ಡಿಗೆ ಬಂದರು. ಪ್ರೂಫ್ ನೋಡುವಾಗ ಓದಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿ, ಅಕ್ಕನ ಕಥೆಗಳನ್ನೆಲ್ಲ ಒಂದೇ ಉಸುರಿನಲ್ಲಿ ಬಡಿದು ಮುಗಿಸಿದ. ಪ್ರೂಫ್ ನೋಡುವಾಗ ಏನಾಯಿತು ಎಂದರೆ, ಅವನು ಪ್ರೂಫ್ ನೋಡುವುದೂ ಹಾಗೆಯೇ. ಒತ್ತಕ್ಷರ ಸರಿಯಿದೆಯೇ, ಅಲ್ಪವಿರಾಮ ಬಿದ್ದಿದೆಯೇ, ಅಷ್ಟೇ. ತಪ್ಪುಗಳೇನೂ ಸಿಗಲಿಲ್ಲ. ಎರಡನೇ ಪ್ರೂಫ್ ಲೇಖಕಿಗೆ ಕಳಿಸುವುದು ವಾಡಿಕೆ, ಕಳಿಸಿದ. ಅಕ್ಕ ಬಿಚ್ಚದೆ ವಾಪಸು ಕಳಿಸಿದಳು. ಮೇಲೆ, “ನೀನು ನೋಡಿದ್ಮೇಲೆ ನಾನ್ಯಾಕೆ?” ಎಂದು ಬರೆದಿತ್ತು. ನವಿರಣ್ಣ ಅದನ್ನು ಹೊಗಳಿಕೆ ಎಂದುಕೊಂಡು ಎಲ್ಲರಿಗೂ ತೋರಿಸಿದ.

ಒಳಪುಟಗಳು ಅಚ್ಚಾದವು. ಬಿಡುಗಡೆಗೆ ಒಂದು ದಿನ ಉಳಿದಿತ್ತು. ಮುಖಪುಟ ಮಾತ್ರ ಆ ಮಧ್ಯಾಹ್ನ ಯಂತ್ರಕ್ಕೆ ಹೋಗಬೇಕು. ಬೆನ್ನುಡಿಯ ಜಾಗದಲ್ಲಿ ನವಿರಣ್ಣ ಹಳೆಯ ಸಾಲನ್ನೇ ತಾತ್ಕಾಲಿಕವಾಗಿ ಅಂಟಿಸಿಟ್ಟಿದ್ದ. ತಾತ್ಕಾಲಿಕವಾಗಿ ಇಟ್ಟದ್ದೇ ಶಾಶ್ವತವಾಗುವುದು ಆ ಮುದ್ರಣಾಲಯದ ಸಂಪ್ರದಾಯ.

ಬೆಳಿಗ್ಗೆ ಫಾರಂ ಮಡಚುತ್ತಿದ್ದ ಬೈಂಡಿಂಗಮ್ಮ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. ನಗು ನಿಲ್ಲದೆ ಅಂಟಿನ ಕುಂಚವನ್ನು ಕೆಳಗಿಟ್ಟರು.

“ನವಿರಣ್ಣಾ, ಬನ್ನಿ ಇಲ್ಲಿ. ಇದೇನು ನಿಮ್ಮಕ್ಕ ನಿಮಗೆ ಕಥೆ ಒಳಗಿಂದ ಕೂಗ್ತಾ ಇದಾರೆ?”

“ಏನ್ ಕೂಗ್ತಾರೆ?”

“ನೀವೇ ನೋಡಿ. ನಲವತ್ತಮೂರು.”

ನವಿರಣ್ಣ ನೋಡಿದ. ನಲವತ್ತಮೂರನೇ ಪುಟದ ನಟ್ಟನಡುವೆ, ಒತ್ತಕ್ಷರವೊಂದೂ ತಪ್ಪದಂತೆ, ಹೀಗೆ ಅಚ್ಚಾಗಿತ್ತು: “ಅವಳು ಎರಡು ಟಿಕೆಟ್ ಮುಂದೆ ಹಿಡಿದಳು. ಪಕ್ಕದ ಸೀಟು ಖಾಲಿಯಿತ್ತು. ತಮ್ಮಾ, ನೀನಿದನ್ನು ನಿಜವಾಗಿ ಓದುತ್ತಿದ್ದರೆ ಈ ವಾಕ್ಯವನ್ನು ಅಳಿಸಿಬಿಡು. ಎರಡನೆಯವರೆಲ್ಲಿ ಎಂದು ನಾನು ಕೇಳಿದೆ.”

ನವಿರಣ್ಣ ಕೂತ, ಎದ್ದ, ಮತ್ತೆ ಕೂತ. ಫಾರಂ ಮಗುಚಿ ಹಾಕಿದ, ಮಗುಚಿ ಹಾಕಿದರೆ ವಾಕ್ಯ ಹೋಗುತ್ತದೆಯೇ? ಅವನೇ ಟೈಪ್ ಮಾಡಿದ್ದ. ಅವನೇ ಪ್ರೂಫ್ ನೋಡಿದ್ದ. ‘ತಮ್ಮಾ’ ಎಂಬಲ್ಲಿ ಅಲ್ಪವಿರಾಮ ಹಾಕಿದವನೂ ಅವನೇ. ಹಸ್ತಪ್ರತಿಯಲ್ಲಿ ಅದು ಇರಲಿಲ್ಲ.

“ಒಳ್ಳೇ ಕಡೆ ಹಾಕಿದೀರ ಅಲ್ಪವಿರಾಮ,” ಎಂದರು ಬೈಂಡಿಂಗಮ್ಮ.

ನವಿರಣ್ಣ ಯಜಮಾನರ ಕೋಣೆಗೆ ಓಡಿದ. “ಸಾರ್, ಒಂದು ಫಾರಂ ಮತ್ತೆ ಹೊಡೀಬೇಕು.”

“ನಾಳೆ ಸಂಜೆ ಬಿಡುಗಡೆ. ತಲೆ ನೆಟ್ಟಗಿದೆಯೇನಯ್ಯಾ?”

“ಒಂದು ವಾಕ್ಯ ತಪ್ಪಾಗಿ ಉಳ್ಕೊಂಡಿದೆ.”

ಯಜಮಾನರು ಕನ್ನಡಕ ಏರಿಸಿ ವಾಕ್ಯವನ್ನು ನೋಡಿದರು. ಒಂದು ಕ್ಷಣ ಅವರ ಮೀಸೆ ಅಲುಗಿತು. ನಗುವನ್ನು ನುಂಗಿಕೊಂಡು, “ಬಿಡಯ್ಯಾ,” ಎಂದರು. “ಹೆಂಗಸರ ಕಥೆ ಪುಸ್ತಕ. ಯಾರು ಓದ್ತಾರೆ?”

ಇಷ್ಟು ವರ್ಷಗಳಲ್ಲಿ ಈ ಮಾತನ್ನು ನವಿರಣ್ಣ ಅದೆಷ್ಟು ಸಲ ಕೇಳಿದ್ದನೋ, ತಾನೇ ಎಷ್ಟು ಸಲ ಹೇಳಿದ್ದನೋ. ಇವತ್ತು ಅದು ಕೆನ್ನೆಗೆ ಬಾರಿಸಿದಂತಾಯಿತು. ಯಾಕೆಂದರೆ ಇವತ್ತು ಉತ್ತರ ಅಚ್ಚಾಗಿ ಎದುರಿಗೇ ಇತ್ತು: ತಮ್ಮನೂ ಓದುವುದಿಲ್ಲ.

ಮೇಜಿಗೆ ಮರಳಿ, ಕೀಲಿಮಣೆಯನ್ನು ಎತ್ತಿ ಕಪಾಟಿನ ಮೇಲಿಟ್ಟ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಹಾಗೆ ಕೂತು ಆ ಕಥೆಯನ್ನು ಮೊದಲಿನಿಂದ ಓದತೊಡಗಿದ. ಪುಟ ತಿರುಗಿಸಬೇಕಾದಾಗ ಮಾತ್ರ ಒಂದು ಕೈಗೆ ಬಿಡುಗಡೆ.

ಕಥೆಯಲ್ಲೊಬ್ಬ ಹೆಂಗಸು. ದಿನವೂ ಒಂದೇ ಬಸ್ಸಿಗೆ ಹತ್ತುತ್ತಾಳೆ, ಎರಡು ಟಿಕೆಟ್ ಕೊಳ್ಳುತ್ತಾಳೆ, ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟು ಕಿಟಕಿಯಾಚೆ ನೋಡುತ್ತ ಕೂರುತ್ತಾಳೆ. ತಪಾಸಣೆಯವಳು ಕೇಳಿದರೆ, “ಈ ಸೀಟಲ್ಲಿ ಯಾರೂ ಇಲ್ಲ, ಅದಕ್ಕೇ ತಗೊಂಡಿದ್ದು,” ಎನ್ನುತ್ತಾಳೆ. ಮನೆಯಲ್ಲಿ ಅವಳ ಪಕ್ಕ ಯಾರೂ ಇಲ್ಲದ ಜಾಗ ಅಂಗೈಯಗಲವೂ ಇಲ್ಲ. ಟಿಕೆಟ್ ಇಲ್ಲದ ಪ್ರಯಾಣಿಕನಿಗೆ ದಂಡ ಹಾಕಲು ಕಾನೂನಿದೆ. ಪ್ರಯಾಣಿಕನಿಲ್ಲದ ಟಿಕೆಟಿಗೆ ಏನು ಮಾಡಬೇಕೆಂದು ತಪಾಸಣೆಯವಳಿಗೆ ತಿಳಿಯುವುದಿಲ್ಲ. ಮೇಲಧಿಕಾರಿಯನ್ನು ಕೇಳಿದರೆ ಅವನು ಕಾನೂನಿನ ಪುಸ್ತಕ ಹಿಂದೆ ಮುಂದೆ ತಿರುವಿ, ತಲೆ ಕೆರೆದುಕೊಂಡು, “ಬಹುಶಃ ಲಗೇಜು ಅಂತ ಪರಿಗಣಿಸಬಹುದು,” ಎನ್ನುತ್ತಾನೆ. ನವಿರಣ್ಣ ಇಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟ. ಬೈಂಡಿಂಗಮ್ಮ ಕತ್ತೆತ್ತಿ ನೋಡಿದರು. ಆ ಕೋಣೆಯಲ್ಲಿ ಅವನು ಪುಸ್ತಕಕ್ಕೆ ನಕ್ಕದ್ದು ಅವರ ನೆನಪಿನಲ್ಲಿ ಇರಲಿಲ್ಲ. ಕೊನೆಗೊಂದು ದಿನ ಬಸ್ಸು ಕಿಕ್ಕಿರಿದಿದೆ. ನಿಂತವರೆಲ್ಲ ಗೊಣಗುತ್ತಾರೆ. ತಪಾಸಣೆಯವಳು ಕೈಚೀಲ ತೆಗೆಯಲು ಹೇಳುತ್ತಾಳೆ. ಹೆಂಗಸು ಮರುಮಾತಾಡದೆ ತೆಗೆಯುತ್ತಾಳೆ, ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಾಳೆ, ಮತ್ತೆಂದೂ ಆ ಬಸ್ಸಿಗೆ ಬರುವುದಿಲ್ಲ.

ನವಿರಣ್ಣನಿಗೆ ಕಡುಕೋಪ ಬಂತು. ಫಾರಂ ಮೇಜಿನ ಮೇಲೆ ಬಡಿದು, ಅಂಗಳಕ್ಕೆ ಹೋಗಿ, ಕಾಗದದ ರದ್ದಿಯ ಪಕ್ಕ ಸುಮ್ಮನೆ ನಿಂತ. ವಾಪಸು ಬಂದು ಉಳಿದ ಕಥೆಗಳನ್ನೂ ಓದಿದ. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು.

ಬೆನ್ನುಡಿ ಬರೆಯಬೇಕು. ಮಾದರಿಗೆಂದು ಅಟ್ಟದಿಂದ ಹಳೆಯ ಪುಸ್ತಕಗಳನ್ನು ಇಳಿಸಿದ. ಎಲ್ಲದರ ಹಿಂದೆಯೂ ತನ್ನದೇ ಸಾಲು, ಒಂದೇ ಸಮವಸ್ತ್ರ ತೊಟ್ಟು ಸಾಲಾಗಿ ನಿಂತವರಂತೆ. ಒಂದು ಕವನ ಸಂಕಲನವನ್ನು ನಡುವೆ ಎಲ್ಲೋ ತೆರೆದ.

ನಿನ್ನ ಮನೆಯ ಕನ್ನಡಿಗಳಿಗೆಲ್ಲ
ನನ್ನ ಬೆನ್ನಷ್ಟೇ ಗೊತ್ತು;
ಮುಖ ನೋಡಿದ್ದು ಒಲೆ.

“ಇದರಲ್ಲಿ ನವಿರು ಎಲ್ಲಿದೆ?” ಎಂದು ಬಾಯಿಬಿಟ್ಟೇ ಕೇಳಿದ.

“ನಾನೂ ಆವತ್ತು ಅದೇ ಕೇಳ್ದೆ,” ಎಂದರು ಬೈಂಡಿಂಗಮ್ಮ. “ನೀವು, ‘ವಾಷರು ರಬ್ಬರಿಂದು ತಗೋಬೇಕಾ ಪ್ಲಾಸ್ಟಿಕ್ಕಿಂದಾ’ ಅಂದ್ರಿ.”

“ಇವರು ಈಗೆಲ್ಲಿದಾರೆ?”

“ಯಾರಿಗ್ ಗೊತ್ತು. ಎರಡನೇ ಪುಸ್ತಕ ಬರಲಿಲ್ಲ.”

ನವಿರಣ್ಣ ಪುಸ್ತಕ ಮುಚ್ಚಿದ. ಅವರು ಬರೆಯುವುದನ್ನು ಏಕೆ ನಿಲ್ಲಿಸಿದರೋ, ನೂರು ಕಾರಣವಿರಬಹುದು. ಆದರೆ ಅದರ ಹಿಂಬದಿಯನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ.

ಬೆನ್ನುಡಿಗೆ ಮಾತು ಹೊರಡುತ್ತಿಲ್ಲ. ‘ಅನನ್ಯ’ ಎಂದು ಬರೆದ, ಹೊಡೆದುಹಾಕಿದ. ‘ಮಾರ್ಮಿಕ’ ಎಂದ, ಅದನ್ನೂ ಹೊಡೆದ. ಯಂತ್ರದವನು ಬಂದು, “ಮುಖಪುಟ ಕೊಡ್ತೀರಾ, ನಾನು ಮನೆಗೆ ಹೋಗ್ಲಾ?” ಎಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ಆಗ ನವಿರಣ್ಣ ಹೊಗಳುವ ಆಸೆಯನ್ನೇ ಕೈಬಿಟ್ಟು, ಆದದ್ದನ್ನು ಆದ ಹಾಗೆ ಬರೆದುಕೊಟ್ಟ:

“ಈ ಪುಸ್ತಕವನ್ನು ಒಮ್ಮೆ ಟೈಪ್ ಮಾಡಿದೆ, ಒಮ್ಮೆ ಓದಿದೆ. ಎರಡೂ ಬೇರೆ ಬೇರೆ ಕೆಲಸ ಎಂದು ನನಗೆ ತಡವಾಗಿ ಗೊತ್ತಾಯಿತು. ನಲವತ್ತಮೂರನೇ ಪುಟದಲ್ಲಿ ಒಂದು ವಾಕ್ಯ ಅಳಿಸಬೇಕಿತ್ತು, ತಪ್ಪು ನನ್ನದು. ಲಗೇಜಿನ ಮಾತು ಬಂದಲ್ಲಿ ನಕ್ಕೆ. ಆ ಕಥೆಯ ಕೊನೆ ಓದಿ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಬರೆದವಳನ್ನು ಕೇಳುವವನಿದ್ದೇನೆ. — ತಮ್ಮ.”

ಮರುದಿನ ಸಂಜೆ ಸಭಾಂಗಣ ತಕ್ಕಮಟ್ಟಿಗೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಡಿಪೋದ ಚಾಲಕರು, ಕಂಡಕ್ಟರುಗಳು. ಒಬ್ಬೊಬ್ಬರೂ ಯಾವುದೋ ವಿಚಾರಣೆಗೆ ಕರೆಸಿಕೊಂಡವರಂತೆ ನೆಟ್ಟಗೆ ಕೂತಿದ್ದರು. ವೇದಿಕೆಯ ಮೇಲೆ ಅಕ್ಕ, ಪಕ್ಕದಲ್ಲಿ ಯಾವ ಬಿಡುಗಡೆಗೂ ತಪ್ಪದ ಮುಖ್ಯ ಅತಿಥಿಗಳು, ನಿವೃತ್ತ ಪ್ರಾಧ್ಯಾಪಕರು. ನವಿರಣ್ಣ ಕೊನೆಯ ಸಾಲಿನ ಕಂಬದ ಮರೆಯಲ್ಲಿ.

ಅಕ್ಕನ ಕೈಗೆ ಪ್ರತಿ ಬಂದದ್ದು ವೇದಿಕೆ ಹತ್ತಿದ ಮೇಲೆಯೇ. ಅವಳು ಮುಖಪುಟ ನೋಡಲಿಲ್ಲ, ಹಿಂಬದಿ ನೋಡಲಿಲ್ಲ. ನೇರ ನಲವತ್ತಮೂರಕ್ಕೆ ಹೋದಳು. ಕಂಬದ ಮರೆಯಿಂದ ನವಿರಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಪುಸ್ತಕ ಮುಚ್ಚಿ ಮಡಿಲಲ್ಲಿ ಮಗುಚಿಟ್ಟುಕೊಂಡಳು. ಮಗುಚಿಟ್ಟಾಗ ಬೆನ್ನುಡಿ ಮೇಲಾಯಿತು. ಅವಳು ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಕತ್ತೆತ್ತಿ, ಬಸ್ಸಿನಲ್ಲಿ ಸೀಟಿನ ಕೆಳಗೆ ಅಡಗಿದವರನ್ನು ಹುಡುಕುವ ಆ ನೋಟದಿಂದ ಸಾಲು ಸಾಲಾಗಿ ಹುಡುಕತೊಡಗಿದಳು.

ಅಷ್ಟರಲ್ಲಿ ಅತಿಥಿಗಳು ಎದ್ದರು. ವಾಡಿಕೆಯಂತೆ ಪುಸ್ತಕ ಕೈಗೆತ್ತಿಕೊಂಡರು, ವಾಡಿಕೆಯಂತೆ ಮಗುಚಿದರು. “ಹೆಣ್ಣಿನ...” ಎಂದು ಶುರು ಮಾಡಿದ ಬಾಯಿ ಅಲ್ಲೇ ನಿಂತಿತು. ಹಿಂಬದಿಯಲ್ಲಿ ಒಳತೋಟಿ ಇಲ್ಲ, ಕುಸುರಿ ಇಲ್ಲ, ಭರವಸೆಯೂ ಇಲ್ಲ. ಕಂಬದ ಮರೆಯಲ್ಲಿ ನವಿರಣ್ಣನಿಗೆ ಆಗ ಹೊಳೆಯಿತು: ಇಷ್ಟು ವರ್ಷ ಈ ದೊಡ್ಡ ಮನುಷ್ಯರು ಓದುತ್ತಿದ್ದದ್ದು ತನ್ನನ್ನು! ಅತಿಥಿಗಳು ಒಂದು ಲೋಟ ನೀರು ಕುಡಿದರು. ಬೆನ್ನುಡಿಯಲ್ಲಿ ಕಂಡ ಪುಟಸಂಖ್ಯೆಯೊಂದೇ ಆಸರೆ ಎಂದು ನಲವತ್ತಮೂರಕ್ಕೆ ಹಾರಿದರು. ಓದಿದರು. ಮುಖ ಅರಳಿತು.

“ಗಮನಿಸಿ! ‘ತಮ್ಮಾ, ಈ ವಾಕ್ಯವನ್ನು ಅಳಿಸಿಬಿಡು.’ ಇದನ್ನು ತಪ್ಪು ಎನ್ನುತ್ತಾರೆ ಬೆನ್ನುಡಿಕಾರರು. ತಪ್ಪಲ್ಲ, ಇದು ತಂತ್ರ! ಈ ತಮ್ಮ ಯಾರು? ಹೆಣ್ಣು ಬರೆದದ್ದನ್ನು ಓದದೇ ಅಳಿಸುವ ಇಡೀ ಪುರುಷ ಸಮಾಜ!”

ಚಪ್ಪಾಳೆ ಬಿತ್ತು. ಇಡೀ ಪುರುಷ ಸಮಾಜ ಕಂಬದ ಹಿಂದೆ ಇನ್ನಷ್ಟು ಸರಿದು ನಿಂತಿತು.

ಮುಂದಿನ ಸಾಲಿನ ಕಂಡಕ್ಟರೊಬ್ಬ ಪಕ್ಕದವನ ಕಿವಿಯಲ್ಲಿ, “ಇವ್ರು ಓದಿದಾರಾ?” ಎಂದು ಕೇಳಿದ್ದು ವೇದಿಕೆಗೂ ಕೇಳಿಸಿತು. ಅಕ್ಕ ಮೈಕಿನ ಕಡೆ ಬಾಗಿ, “ಟಿಕೆಟ್ ಇಲ್ದೆ ಹತ್ತಿದಾರೆ. ಇರ್ಲಿ ಬಿಡಪ್ಪಾ, ಇಳಿಯೋ ಸ್ಟಾಪು ಬಂತು,” ಎಂದಳು. ಸಭೆ ಹೋ ಎಂದು ನಕ್ಕಿತು. ಅತಿಥಿಗಳು ಅದೂ ತಂತ್ರವೆಂದುಕೊಂಡು ತಾವೂ ನಕ್ಕು, ಹಾರ ಹಾಕಿಸಿಕೊಂಡು ಇಳಿದರು.

ಎಲ್ಲ ಮುಗಿದ ಮೇಲೆ ಅಕ್ಕ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸಿಕ್ಕಳು. ನವಿರಣ್ಣ ಪಕ್ಕದಲ್ಲಿ ಕೂತ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿ ತೆರೆದರೆ ಬೇರೆಯದೇ ಬಂತು.

“ಅವಳನ್ನ ಯಾಕ್ ಎಬ್ಬಿಸ್ದೆ?”

“ಯಾರನ್ನ?”

“ಗೊತ್ತಿಲ್ದಂಗ್ ಆಡ್ಬೇಡ. ಎರಡು ಟಿಕೆಟ್‌ನವಳನ್ನ.”

“ಎಬ್ಬಿಸಿಲ್ಲಪ್ಪಾ. ಚೀಲ ತೆಗಿ ಅಂದೆ. ಬಸ್ಸು ತುಂಬಿತ್ತು.”

“ತುಂಬಲಿ! ದುಡ್ಡು ಕೊಟ್ಟಿದಾಳಲ್ಲ, ಟಿಕೆಟ್ ಇತ್ತಲ್ಲ ಅವಳ ಹತ್ರ!”

“ನಿಂತಿರೋರು ಬಯ್ತಿದ್ರು. ನನ್ ಡ್ಯೂಟಿ ಅದು.”

“ಡ್ಯೂಟಿಯಂತೆ! ಕಾನೂನಲ್ಲೇ ಇಲ್ಲ ಅಂತ ಹಿಂದಿನ ಪುಟದಲ್ಲಿ ನೀನೇ ಬರ್ದಿದೀಯ. ಲಗೇಜು ಅಂತ ಬಿಟ್ಟಿದ್ರೆ ಗಂಟೇನು ಹೋಗ್ತಿತ್ತು? ಬೇಕೂ ಅಂತ ಇಳಿಸಿದೀಯ. ಓದೋರ ಹೊಟ್ಟೆ ಉರೀಲಿ ಅಂತ.”

ಅಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಉರೀತಾ?”

“ನಿನ್ನೆ ಮಧ್ಯಾಹ್ನದಿಂದ ಉರೀತಿದೆ.”

ಬಸ್ಸೊಂದು ಬಂದು ನಿಂತಿತು. ಅಕ್ಕನನ್ನು ನೋಡಿ ಕಂಡಕ್ಟರು ಗಾಬರಿಯಿಂದ ಟೋಪಿ ಸರಿಮಾಡಿಕೊಂಡ. “ಬನ್ನಿ ಮೇಡಂ, ಸೀಟಿದೆ.”

“ಹೊರಡಪ್ಪಾ ನೀನು,” ಎಂದು ಅಕ್ಕ ಕೈಬೀಸಿದಳು. ಬಸ್ಸು ಹೋಯಿತು.

“ಹೋಗ್ಲಿ,” ಎಂದ ನವಿರಣ್ಣ, ದನಿ ತಗ್ಗಿಸದೆಯೇ. “ಇಳಿದು ಎಲ್ಲಿಗೆ ಹೋದ್ಳು ಅಂತನಾದ್ರೂ ಬರೀಬೇಕಿತ್ತು.”

“ನಂಗೂ ಗೊತ್ತಿಲ್ವಲ್ಲೋ.”

“ಬರೆದೋಳು ನೀನು. ನಿಂಗೇ ಗೊತ್ತಿಲ್ಲ ಅಂದ್ರೆ?”

ಅಕ್ಕ ಬಸ್ಸು ಹೋದ ದಿಕ್ಕನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಚೀಲದ ತಳದಲ್ಲಿ ಕೈಯಾಡಿಸಿ ಪೆನ್ನು ಹುಡುಕತೊಡಗಿದಳು.

“ಆ ಸ್ಟಾಪಲ್ಲಿ ಇಳಿದ್ರೆ ಎರಡು ದಾರಿ ಇದೆ,” ಎಂದಳು. “ಒಂದು ಆಸ್ಪತ್ರೆ ಕಡೆ ಹೋಗತ್ತೆ. ಇನ್ನೊಂದ್ ಯಾವ್ದೋ ನೋಡ್ಬೇಕು.”